ಹೊಲದಮ್ಮ ನಡೆದು ಬಂದ ನಲವತ್ತಮೂರು ಅಡಿ

ಹದ್ದುಬಸ್ತು ಎಂಬ ಪದವನ್ನು ನಾನು ಮೊದಲ ಸಲ ಬರೆದದ್ದು ನಾಡಕಚೇರಿಯ ಕಿಟಕಿ ಕಟ್ಟೆಯ ಮೇಲೆ, ಪಕ್ಕದವರಿಂದ ಕೇಳಿ ಪಡೆದ ಪೆನ್ನಿನಲ್ಲಿ. ಅದಕ್ಕೆ ಮೊದಲು ನಾನು ತುಂಬಿದ್ದ ಅರ್ಜಿಗಳೆಂದರೆ ಮಗಳ ಶಾಲೆಯದು, ಗ್ಯಾಸಿನದು, ರೇಷನ್ ಕಾರ್ಡಿನದು. ಜಮೀನಿನ ಗಡಿ ಎಲ್ಲಿಂದ ಎಲ್ಲಿಯವರೆಗೆ ಎಂದು ಸರ್ಕಾರದವರೇ ಬಂದು ಅಳೆದು ತೋರಿಸಿ ಎಂದು ಕೇಳುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ನಾನು ಕೇಳುತ್ತಿದ್ದದ್ದು ನಮ್ಮ ಮನೆಯ ಹೊಲಕ್ಕಲ್ಲ, ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ.

ಕ್ಲಬ್ಬಿನ ಕಾರ್ಯದರ್ಶಿ ನಮ್ಮ ಯಜಮಾನರು. ಅವರ ಮಂಡಿಗೆ ಆಪರೇಷನ್ ಆಗಿ, ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದರು. ಸರ್ವೆ ಕಚೇರಿ ಇರುವುದು ಮಹಡಿಯ ಮೇಲೆ. ಮೂರು ತಿಂಗಳ ಮಟ್ಟಿಗೆ ಎಂದು ಕಮಿಟಿಯವರು ನನ್ನನ್ನು ಕಾರ್ಯದರ್ಶಿ ಮಾಡಿ ಫೈಲು ಕೈಗೆ ಕೊಟ್ಟರು. ಆಟದ ವಿಷಯದಲ್ಲಿ ನನಗೆ ತಿಳಿದಿದ್ದದ್ದು ಇಷ್ಟೇ: ಜರ್ಸಿಯ ಕೆಮ್ಮಣ್ಣಿನ ಕಲೆ ಯಾವ ಸೋಪಿಗೂ ಬಿಡುವುದಿಲ್ಲ.

ಕ್ಲಬ್ಬು ಹುಟ್ಟಿದ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಎಂದು ನಮ್ಮಲ್ಲಿ ಹೇಳುತ್ತಾರೆ. ನಮ್ಮ ಮಾವನವರು ಗೂಡು ಮಾರಲು ಹೋಗುತ್ತಿದ್ದರು. ಅವರ ಗೂಡನ್ನು ಕೊಂಡು ನೂಲು ತೆಗೆಯುತ್ತಿದ್ದ ರೀಲರ್ ಸಾಹೇಬರಿಗೆ ಚೆಂಡಿನ ಹುಚ್ಚು. ಪೇಟೆಯ ಹುಡುಗರಿಗೆ ಆಡಲು ಜಾಗವಿರಲಿಲ್ಲ, ನಮ್ಮ ಊರಿನಲ್ಲಿ ಜಾಗವಿತ್ತು. ಕೂಟಗಲ್ ಕಡೆಯ ನಮ್ಮ ಊರ ಬಂಡೆಯ ಬುಡದಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆ ಗೋಮಾಳವನ್ನು ಇಬ್ಬರೂ ಓಡಾಡಿ ಕ್ಲಬ್ಬಿನ ಹೆಸರಿಗೆ ಮಂಜೂರು ಮಾಡಿಸಿದರು. ಇಬ್ಬರೂ ಈಗಿಲ್ಲ. ರೀಲರ್ ಸಾಹೇಬರ ಮಗ ಅಧ್ಯಕ್ಷರು. ನಾನು ಅವರನ್ನು ಭಾಯಿ ಎನ್ನುತ್ತೇನೆ, ಅವರು ನನ್ನನ್ನು ಭಾಬಿ ಎನ್ನುತ್ತಾರೆ.

ಆ ಜಾಗದಲ್ಲಿ ಒಂದು ಪುಟ್ಟ ಕ್ರೀಡಾಂಗಣ ಕಟ್ಟಿಕೊಡಲು ಕ್ರೀಡಾ ಇಲಾಖೆಯವರು ಒಪ್ಪಿದ್ದರು. ಷರತ್ತು ಒಂದೇ, ಜಾಗದ ಮೇಲೆ ತಕರಾರು ಇರಬಾರದು. ಯುಗಾದಿಯೊಳಗೆ ಎಲ್ಲರೂ ಸಹಿ ಮಾಡಿದ ಸರ್ವೆ ನಕ್ಷೆ ಕೊಡದಿದ್ದರೆ ಕ್ರೀಡಾಂಗಣ ಮಾಗಡಿಗೋ ಕನಕಪುರಕ್ಕೋ ಹೋಗುತ್ತದೆ. ಆದರೆ ತಕರಾರು ಇತ್ತು. ಪೂರ್ವದ ಬದಿಯ ಹೊಲದವರು, ಕುರಿ ಸಾಕುವ ಯಜಮಾನರು, ಕ್ಲಬ್ಬಿನವರು ತಮ್ಮ ಹೊಲದೊಳಕ್ಕೆ ಬಂದಿದ್ದಾರೆ ಎಂದು ಅರ್ಜಿ ಕೊಟ್ಟಿದ್ದರು.

ನನಗೆ ಕ್ರೀಡಾಂಗಣಕ್ಕಿಂತ ಅದರ ನಕ್ಷೆಯ ಪೂರ್ವದ ಮೂಲೆಯಲ್ಲಿದ್ದ ಒಂದು ಸಣ್ಣ ಚೌಕದ ಮೇಲೆ ಕಣ್ಣು. ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆ, ಪಕ್ಕದಲ್ಲೇ ಶೌಚಾಲಯ. ನನ್ನ ಮಗಳೂ ಆಡುತ್ತಾಳೆ. ಪಂದ್ಯದ ದಿನ ನನ್ನ ಎರಡು ಹಳೆಯ ಸೀರೆಗಳನ್ನು ನಾಲ್ಕು ಜನ ಹಿಡಿದು ನಿಂತರೆ ಅದೇ ಅವರ ಕೋಣೆ. ಒಮ್ಮೆ ವಿರೂಪಾಕ್ಷಿಪುರದ ಕಡೆಯಿಂದ ಹೆಣ್ಣುಮಕ್ಕಳ ತಂಡ ಬಂದಿತ್ತು. ಬಿಸಿಲಿನಲ್ಲಿ ಆಡುತ್ತಾ ಒಬ್ಬಳು ಕುಸಿದು ಬಿದ್ದಳು. ನೀರು ಕುಡಿಸಲು ಹೋದರೆ ಬಾಯಿ ಬಿಗಿ ಹಿಡಿದುಕೊಂಡಳು. ಕುಡಿದರೆ ಎಲ್ಲಿಗೆ ಹೋಗುವುದು ಎಂದು ಬೆಳಗಿನಿಂದ ಯಾರೂ ಒಂದು ಗುಟುಕು ನೀರು ಕುಡಿದಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಬಾಗಿಲು ಈ ಮಕ್ಕಳಿಗೆ ಬೇಕು ಎಂದು ಅವತ್ತೇ ನನ್ನ ಮನಸ್ಸಿಗೆ ಬಂತು.

ಮೊದಲ ತಪ್ಪು ನನ್ನದೇ. ಹಳೆಯ ಪಹಣಿಯ ಜೆರಾಕ್ಸ್ ಲಗತ್ತಿಸಿ ಅರ್ಜಿ ಕೊಟ್ಟೆ. ಗೋಮಾಳದಿಂದ ನಮ್ಮ ಜಾಗ ಬೇರೆಯಾದಾಗ ಸರ್ವೆ ನಂಬರಿಗೆ ಒಂದು ಬಾಲ ಸೇರಿತ್ತು, ನಾನು ಬಾಲವಿಲ್ಲದ ನಂಬರನ್ನೇ ಬರೆದಿದ್ದೆ. ಸುಮ್ಮನೆ ಅವರು ತೆಗೆದುಕೊಂಡಿದ್ದರೆ ಇಡೀ ಗೋಮಾಳವನ್ನೇ ಅಳೆಯುತ್ತಿದ್ದರೇನೋ! ದೇವರು ದೊಡ್ಡವನು, ಕೌಂಟರಿನ ಹೆಣ್ಣುಮಗಳು ಅದನ್ನು ಆಗಲೇ ಕಂಡುಹಿಡಿದು ವಾಪಸು ಕೊಟ್ಟಳು. ಸಂಜೆ ದೀಪ ಹಚ್ಚುವಾಗ ಅವತ್ತಿನ ಉಪಕಾರಗಳನ್ನು ಬೆರಳಿನ ಗೆಣ್ಣುಗಳ ಮೇಲೆ ಎಣಿಸುವುದು ನನ್ನ ರೂಢಿ. ಅವತ್ತು ಮೊದಲ ಗೆಣ್ಣು ಅವಳದು. ಎರಡನೆಯದು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕ ಸೀಟು.

ಎರಡನೆಯ ಸಲ ಅರ್ಜಿ ದಾಖಲಾಯಿತು. ಅಳೆಯುವ ಮೊದಲು ಬಾಜುದಾರರಿಗೆ, ಅಂದರೆ ಅಕ್ಕಪಕ್ಕದ ಹೊಲದವರಿಗೆ, ನೋಟಿಸು ಕೊಡಬೇಕು. ಕುರಿ ಯಜಮಾನರು ಮಂದೆ ಹೊಡೆದುಕೊಂಡು ಮಂಡ್ಯದ ಗದ್ದೆ ಬಯಲಿಗೆ ಹೋಗಿದ್ದರು. ನೋಟಿಸು ಅವರ ಕೈಗೆ ಮುಟ್ಟಿರಲಿಲ್ಲ, ಹಾಗಾಗಿ ಮೊದಲ ತಾರೀಖು ಬಿದ್ದುಹೋಯಿತು. "ಬೇಕಂತ್ಲೇ ತಪ್ಪಿಸ್ಕತಾವ್ನೆ ಕಣಕ್ಕ" ಎಂದು ನಮ್ಮ ಕೋಚ್ ಹಲ್ಲು ಕಡಿದ. ಅವನು ಚನ್ನಪಟ್ಟಣದವನು. ವಾರದಲ್ಲಿ ಐದು ದಿನ ಗೊಂಬೆ ಕಡೆಯುವ ಯಂತ್ರದ ಮುಂದೆ ಕೂರುತ್ತಾನೆ, ಎರಡು ದಿನ ಮಕ್ಕಳಿಗೆ ಆಟ ಕಲಿಸುತ್ತಾನೆ. ಮೈದಾನದ ನಾಲ್ಕು ಮೂಲೆಯ ಬಾವುಟದ ಕೋಲುಗಳನ್ನೂ ಅವನೇ ಕಡೆದು, ಕೆಂಪು ಹಳದಿ ಅರಗು ಹಿಡಿಸಿ ಕೊಟ್ಟಿದ್ದ. ಗೊಂಬೆಯಷ್ಟು ಚೆಂದದ ಆ ಕೋಲುಗಳನ್ನು ಮಳೆ ಬಂದರೆ ಓಡಿಹೋಗಿ ಕಿತ್ತು ತಂದು ಒಳಗಿಡುತ್ತಿದ್ದೆವು.

ಸಂಕ್ರಾಂತಿ ಕಳೆದ ಮೇಲೆ ಯಜಮಾನರು ಮಂದೆಯೊಂದಿಗೆ ಮರಳಿದರು. ಸರ್ವೆಗೆ ದಿನ ಗೊತ್ತಾಯಿತು.

ಸರ್ವೆಯರ್ ಎಂದರೆ ಟೋಪಿ ಹಾಕಿದ ಗಂಡಸು ಬರುತ್ತಾನೆ ಎಂದುಕೊಂಡಿದ್ದೆ. ಸ್ಕೂಟರಿನಿಂದ ಇಳಿದವಳು ಹೆಣ್ಣುಮಗಳು. ಚೂಡಿದಾರದ ಮೇಲೆ ತುಂಬುತೋಳಿನ ಅಂಗಿ, ಹೆಗಲಲ್ಲಿ ನಕ್ಷೆಯ ಕೊಳವೆ. ಹಿಂದೆಯೇ ಅವಳ ಸಹಾಯಕರು ತುದಿಯಲ್ಲಿ ಗುಂಡನೆಯ ತಲೆಯಿದ್ದ ಉದ್ದನೆಯ ಕೋಲು ತಂದರು. ಅದು ಆಕಾಶದ ಉಪಗ್ರಹಗಳ ಜೊತೆ ಮಾತಾಡಿ ತಾನು ನಿಂತ ಜಾಗ ಹೇಳುತ್ತದಂತೆ. ನಾನು ನೆರಳಿನಂತೆ ಅವಳ ಹಿಂದೆಯೇ ಸುತ್ತಿದೆ, ಕೇಳಿದ್ದನ್ನೇ ಕೇಳಿದೆ. ಅವಳಿಗೆ ಬೇಸರವಾಗಲಿಲ್ಲ.

"ಇದು ಟಿಪ್ಪಣಿ" ಎಂದು ಹಳೆಯ ನಕ್ಷೆಯೊಂದರ ನಕಲು ಬಿಚ್ಚಿದಳು. "ಮೊದಲು ಅಳೆದವರು ಬರೆದಿಟ್ಟದ್ದು. ಮೀಟರ್ ಇಲ್ಲ ಇದರಲ್ಲಿ, ಚೈನು, ಆಣೆ. ಮೂವತ್ತಮೂರು ಅಡಿಗೆ ಒಂದು ಚೈನು. ಚೈನಿಗೆ ಹದಿನಾರು ಆಣೆ."

"ಹಾಗಾದರೆ ಒಂದು ಆಣೆಗೆ ಎರಡು ಅಡಿಗಿಂತ ಒಂಚೂರು ಹೆಚ್ಚು" ಎಂದೆ.

"ಪರವಾಗಿಲ್ವೇ ಸೆಕ್ರೆಟರಿ ಮೇಡಂ!" ಎಂದು ನಕ್ಕಳು. ನನ್ನನ್ನು ಯಾರಾದರೂ ಮೇಡಂ ಎಂದದ್ದು ಅದೇ ಮೊದಲು. ಒಬ್ಬಳೇ ಇದ್ದಾಗ ಅದನ್ನು ನೆನೆದು ನಕ್ಕಿದ್ದೂ ಉಂಟು.

ಕೆಲಸ ಸುಲಭವಿರಲಿಲ್ಲ. ಅಳತೆ ಎಲ್ಲಿಂದಾದರೂ ಶುರುವಾಗಬೇಕಲ್ಲ, ಅದಕ್ಕೆ ಹಳೆಯ ಗಡಿಕಲ್ಲು ಬೇಕು. ರಸ್ತೆಯ ಕಡೆಯ ಕಲ್ಲುಗಳು ರಸ್ತೆ ಅಗಲವಾದಾಗ ಹೋಗಿದ್ದವು. ಉಳಿದದ್ದು ಎರಡು. ಒಂದು ದೂರದಲ್ಲಿ ಕೆರೆಯ ಏರಿಯ ಬುಡದಲ್ಲಿತ್ತು. ಇನ್ನೊಂದು ಪೂರ್ವದ ಬದಿಯ ಬೇವಿನ ಮರದ ಕೆಳಗೆ, ಮಣ್ಣಿನ ಕಟ್ಟೆಯ ಮೇಲೆ. ಅದೇ ನಮ್ಮ ಹೊಲದಮ್ಮ. ಕಲ್ಲು ಎಂದು ಬರೆಯುತ್ತಿದ್ದೇನೆ, ಆ ದಿನದವರೆಗೆ ಅದನ್ನು ನಾನು ಕಲ್ಲು ಎಂದವಳಲ್ಲ. ಪ್ರತಿ ಮಂಗಳವಾರ ಅರಿಶಿನ ಕುಂಕುಮ ಇಟ್ಟು ಬರುವ ತಾಯಿ ಅವಳು.

"ಅಮ್ಮ, ದೇವರ ತಲೆ ತೊಳೀಬಹುದಾ? ಗುರುತು ನೋಡಬೇಕು" ಎಂದು ಸರ್ವೆಯರ್ ಚಪ್ಪಲಿ ಬಿಟ್ಟು ಬಂದು ಕೇಳಿದಳು. ನಾನೇ ನೀರು ತಂದು, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದೆ. ಎಣ್ಣೆ, ಅರಿಶಿನ, ಕುಂಕುಮ ಪದರ ಪದರವಾಗಿ ಎದ್ದು ಬಂದವು. ಅಡಿಯಲ್ಲಿ ಬೂದು ಕಲ್ಲು. ಅದರ ನೆತ್ತಿಯ ಮೇಲೆ ಉಳಿಯಿಂದ ಕಡೆದ ಕತ್ತರಿ ಗುರುತು.

"ಮೂಲ ಕಲ್ಲೇ ಇದು" ಎಂದಳು ಸರ್ವೆಯರ್.

ಆದರೆ ಎರಡು ಕಲ್ಲುಗಳೂ ಒಂದಕ್ಕೊಂದು ಒಪ್ಪಲಿಲ್ಲ. ಏರಿಯ ಕಲ್ಲಿನಿಂದ ಟಿಪ್ಪಣಿಯಂತೆ ಅಳೆದುಕೊಂಡು ಬಂದರೆ ಗಡಿ ನಮ್ಮ ಮೈದಾನದ ಒಳಗೆ ನಿಲ್ಲುತ್ತಿತ್ತು. ಹೊಲದಮ್ಮ ಇದ್ದದ್ದು ಅಲ್ಲಿಂದ ಪೂರ್ವಕ್ಕೆ ಒಂದು ಚೈನು ಐದು ಆಣೆ, ನಲವತ್ತಮೂರು ಅಡಿ ಆಚೆ. ನಕ್ಷೆಯ ಚೌಕ, ಹೆಣ್ಣುಮಕ್ಕಳ ಕೋಣೆ, ನಿಂತಿದ್ದದ್ದು ಈ ನಲವತ್ತಮೂರು ಅಡಿಯಲ್ಲೇ.

"ಎರಡರಲ್ಲಿ ಒಂದು ಕಲ್ಲು ಸುಳ್ಳು ಹೇಳ್ತಿದೆ" ಎಂದಳು ಅವಳು. ಏರಿಯ ಮಣ್ಣನ್ನು ಈಚೆಗಷ್ಟೇ ಜೆಸಿಬಿ ಬಂದು ಕೆದಕಿತ್ತು. ಆ ಕಲ್ಲು ಅಲುಗಾಡಿರಬಹುದು. ಅದಲ್ಲದೆ ರಸ್ತೆಗೆ ಹೋದಷ್ಟೇ ಜಾಗ ಈ ಕಡೆ ಹೆಚ್ಚಾಗಿದ್ದರಿಂದ ಒಟ್ಟು ವಿಸ್ತೀರ್ಣ ಪಹಣಿಯಲ್ಲಿದ್ದಷ್ಟೇ ಬರುತ್ತಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಆಗ ಕುರಿ ಯಜಮಾನರು ಕಂಬಳಿ ಸರಿಪಡಿಸಿಕೊಂಡು ಮುಂದೆ ಬಂದರು. "ಒಸಿ ನನ್ ಮಾತ್ನೂ ಕೇಳವ್ವ. ನಮ್ಮಪ್ಪನ ಕಾಲ್ದಾಗೆ ಈಯಮ್ಮ ಈ ಮರದಡಿ ಇರ್ನಿಲ್ಲ. ಅಲ್ಲಿದ್ಲು, ಬಯಲಾಗೆ. ನಾನು ಮಂದೆಗ್ ಹೋಗಿದ್ದಾಗ ಇಲ್ಲಿಗೆ ನಡ್ಕಂಡ್ ಬಂದ್ಲು."

"ಯಾರು?"

"ತಾಯಿ. ರಾತ್ರೋರಾತ್ರಿ ನಡ್ಕಂಡ್ ಬಂದ್ಲು. ಊರ್ಗೇ ಗೊತ್ತು."

ಕೋಚ್ ಕೂಗಿದ: "ಲೇ ಗೌಡ, ನಡ್ಕಂಡ್ ಬಂದ್ಲಾ ಇಲ್ಲಾ ಕೂಟಗಲ್ ಬಸ್ ಹತ್ಕಂಡ್ ಬಂದ್ಲಾ? ಟಿಕೀಟ್ ಮಡಗಿದ್ದೀಯೇನ್ಲಾ?" ಎಲ್ಲರೂ ನಕ್ಕರು. ಸಹಾಯಕರೂ ನಕ್ಕರು. ಯಜಮಾನರ ಮುಖ ಕಪ್ಪಿಟ್ಟಿತು. ದೂರದಲ್ಲಿ ಸೆರಗು ಹೊದ್ದು ನಿಂತಿದ್ದ ಅವರ ಹೆಂಡತಿ ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ತೆಂಗಿನ ನಾರು ನೋಡಿದೆ.

ಸರ್ವೆಯರ್ ನಗಲಿಲ್ಲ. "ಯಜಮಾನ್ರೇ, ಗಡಿಕಲ್ಲನ್ನ ಕಿತ್ತು ಆಚೀಚೆ ಹಾಕೋರನ್ನ ದಿನಾ ನೋಡ್ತೀನಿ. ಆದರೆ ಪೂಜೆ ಮಾಡೋ ಕಲ್ಲನ್ನ ಯಾರೂ ಮುಟ್ಟಲ್ಲ. ಇಷ್ಟು ವರ್ಷದ ಅರಿಶಿನ ಇದೆ ಇದರ ಮೇಲೆ. ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ" ಎಂದಳು. ಮುಂದಿನ ಗುರುವಾರ ನಕ್ಷೆ ಬರೆದು ತರುತ್ತೇನೆ, ಮಹಜರಿಗೆ ಎಲ್ಲರ ಸಹಿ ಬೇಕು, ಕ್ಲಬ್ಬಿನ ಪರವಾಗಿ ಸೆಕ್ರೆಟರಿ ಮೇಡಂ ಸಹಿ ಎಂದು ಹೇಳಿ ಸ್ಕೂಟರ್ ಹತ್ತಿದಳು.

ಗೆದ್ದೆವು ಎಂದು ಭಾಯಿ ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಬಗ್ಗಿಸಿದರು. ನನ್ನ ಲೋಟ ಕೈಯಲ್ಲೇ ಆರಿತು.

ಆ ಕಲ್ಲು ನಡೆದು ಬಂದದ್ದಲ್ಲ. ಹೊತ್ತು ತಂದವರಲ್ಲಿ ನಾನೂ ಒಬ್ಬಳು.

ನಾನು ಮದುವೆಯಾಗಿ ಬಂದ ವರ್ಷ ಊರಿನ ಮಕ್ಕಳಿಗೆ ಸೀತಾಳೆಸಿಡುಬು ಆಯಿತು. ಎಲ್ಲ ಮಕ್ಕಳೂ ಬಯಲಿನಲ್ಲಿ ಆ ಕಲ್ಲಿನ ಸುತ್ತ ಆಡಿದವರೇ. ಅತ್ತೆ ಮೊಸರನ್ನದ ತಂಪು ಮಾಡಿ ಕಲ್ಲಿಗೆ ಎಡೆ ಇಟ್ಟರು. ಮಕ್ಕಳು ಗುಣವಾದರು. ಆಮೇಲೆ ದಿನಾ ದೀಪ ಹಚ್ಚತೊಡಗಿದರು. ಆದರೆ ಬಯಲಿನಲ್ಲಿ ಕುರಿಗಳು ಬಂದು ಮೈ ಉಜ್ಜುತ್ತಿದ್ದವು, ಹುಡುಗರ ಚೆಂಡು ಬಂದು ಬಡಿಯುತ್ತಿತ್ತು, ಬಿಸಿಲಿಗೆ ಕುಂಕುಮ ಸುಟ್ಟು ಕಪ್ಪಾಗುತ್ತಿತ್ತು. ತಾಯಿಗೆ ನೆರಳು ಬೇಕು ಎಂದು ಅತ್ತೆ ನಿಶ್ಚಯಿಸಿದರು. ಗಂಡಸರಿಗೆ ಹೇಳಿದರೆ ಬಿಡುವುದಿಲ್ಲ. ಒಂದು ಬೆಳಗಿನ ಜಾವ ಅತ್ತೆ, ಕುರಿ ಯಜಮಾನರ ಹೆಂಡತಿ, ಈಗ ಕಾಲವಾದ ಇನ್ನೊಬ್ಬ ಅಜ್ಜಿ, ಮದುವೆಯ ಹಸಿರು ಬಳೆ ಇನ್ನೂ ತೆಗೆಯದ ನಾನು, ನಾಲ್ವರೂ ಹಾರೆ, ಹಗ್ಗ, ಬಿದಿರು ಹಿಡಿದು ಹೋದೆವು. ಕಲ್ಲಿನ ಅರ್ಧ ನೆಲದೊಳಗಿತ್ತು. ಮೂರು ಕಡೆ ಇಳಿಸಿ ಸುಧಾರಿಸಿಕೊಂಡು ಹೊತ್ತೆವು. ಬೆಳಗಾದಾಗ ಅತ್ತೆ ಊರಿಗೆಲ್ಲ ಸಾರಿದರು: ತಾಯಿ ನಡೆದು ಬಂದಿದ್ದಾಳೆ.

ಅದು ಗಡಿಕಲ್ಲು ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗಂತೂ, ಸರ್ವೆಯರ್ ಆ ಕತ್ತರಿ ಗುರುತಿನ ಮೇಲೆ ಬೆರಳಿಡುವವರೆಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಅತ್ತೆ ಜಗುಲಿಯಲ್ಲಿ ನೆನೆದ ಅವರೆಕಾಳು ಹಿತುಕುತ್ತಿದ್ದರು. ನಾನೂ ಎದುರಿಗೆ ಕುಳಿತೆ. ಒಂದು ಬೊಗಸೆ ಹಿತುಕಿದ ಮೇಲೆ ಹೇಳಿದೆ.

"ಅತ್ತೆಮ್ಮಾ, ಹೊಲದಮ್ಮನೇ ಗಡಿಕಲ್ಲಂತೆ."

"ಆಗ್ಲಿ ಬುಡು. ತಾಯಿ ಎಲ್ಲಾನೂ ಕಾಯ್ತಾಳೆ, ಗಡೀನೂ ಕಾಯ್ತಾಳೆ."

"ನಾವು ಅವಳನ್ನ ಎತ್ತಿ ಅವರ ಹೊಲಕ್ಕೆ ಹಾಕಿದ್ವಲ್ಲ. ಈಗ ಅಲ್ಲೀವರೆಗೂ ಕ್ಲಬ್ಬಿನ ಜಾಗ ಅಂತ ಬರೀತಾರೆ. ನಾನೇ ಸಹಿ ಹಾಕಬೇಕು."

ಅತ್ತೆಯ ಬೆರಳು ನಿಂತವು. ಒಂದು ಕಾಳು ಸಿಪ್ಪೆಯಿಂದ ಚಿಮ್ಮಿ ಅಂಗಳಕ್ಕೆ ಬಿತ್ತು.

"ನಿನ್ ಮಗಳ್ಗೆ ರೂಮು ಆಯ್ತದಲ್ಲಮ್ಮಿ."

"ಆಗುತ್ತೆ."

"ಮತ್ತೆ?"

"ಆ ರೂಮಿನೊಳಗೆ ನಿಂತ್ಕೊಂಡು ಅವಳು ಕೇಳಿದ್ರೆ ಏನು ಹೇಳ್ಲಿ? ತಾಯಿ ನಡೆದು ಬಂದ್ಲು ಅಂತ ಹೇಳ್ಲಾ?"

ಅತ್ತೆ ಮತ್ತೆ ಹಿತುಕತೊಡಗಿದರು. ಬಟ್ಟಲು ತುಂಬಿದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಊರ್‌ನೋರು ನನ್ನ ಮಕದ ಮ್ಯಾಲೆ ಉಗೀತಾರೆ ಕಣಮ್ಮಿ. ಇಷ್ಟ್ ವರ್ಸ ನಂಬ್ಕಂಡ್ ಬಂದವ್ರೆ." ಆ ಮಾತು ನಿಜ. ನನ್ನ ಕೈಯಲ್ಲಿದ್ದದ್ದು ಮಕ್ಕಳ ಕೋಣೆಯೊಂದೇ ಅಲ್ಲ, ಅತ್ತೆಯ ಮರ್ಯಾದೆಯೂ.

ನಮ್ಮ ಯಜಮಾನರನ್ನು ಕೇಳಿದೆ. ಅವರು ಕಾಲು ಚಾಚಿ ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದರು. "ಸಹಿ ನಿಂದು. ನಾನು ಹಾಕು ಅಂದ್ರೂ ನಾಳೆ ಬಯ್ತೀಯ, ಬೇಡ ಅಂದ್ರೂ ಬಯ್ತೀಯ" ಎಂದರು. ಮದುವೆಯಾದಾಗಿನಿಂದ ಅವರು ಕೊಟ್ಟ ಸಲಹೆಗಳಲ್ಲಿ ಇದೇ ಸರಿಯಾದದ್ದು.

ಮಂಗಳವಾರ ಎಂದಿನಂತೆ ಪೂಜೆಗೆ ಹೋದೆ. ಕುರಿ ಯಜಮಾನರ ಹೆಂಡತಿ ಆಗಲೇ ಅಲ್ಲಿದ್ದರು. ತೊಳೆದ ಕಲ್ಲು ಅರಿಶಿನವಿಲ್ಲದೆ ಬೋಳಾಗಿ ಕಾಣುತ್ತಿತ್ತು.

"ಅವತ್ತು ನಿಮ್ ಯಜಮಾನ್ರನ್ನ ಅಷ್ಟು ಜನ ಆಡ್ಕೊಂಡು ನಕ್ಕರಲ್ಲಕ್ಕ, ನೀವ್ಯಾಕೆ ಸುಮ್ನಿದ್ರಿ?" ಎಂದೆ.

"ನೀನ್ಯಾಕ್ ಸುಮ್ಕಿದ್ದೆ?" ಎಂದರು.

 ಅವರೇ ಮುಂದುವರಿಸಿದರು: "ಮಂದೆಯಿಂದ ಬಂದವ್ರು ತಾಯಿ ನಮ್ ಹೊಲ್ಕೇ ಬಂದವ್ಳೆ ಅಂತ ಕಣ್ಣಾಗ್ ನೀರ್ ತಕಂಡ್ರು. ಆಗ ಯಂಗವ್ವ ಹೇಳದು, ನಾವೇ ಹೊತ್ಕಂಡ್ ಬಂದೋ ಅಂತ? ಆಮೇಕೆ ಹೇಳೋಕೆ ಹೊತ್ತೇ ಬರ್ನಿಲ್ಲ."

"ನಾಡಿದ್ದು ಗುರುವಾರ ಆ ಹೊತ್ತು ಬರುತ್ತೆ" ಎಂದೆ. ಅವರು ನಕ್ಕರೋ ಅತ್ತರೋ ತಿಳಿಯಲಿಲ್ಲ. ಇಬ್ಬರೂ ಸೇರಿ ತಾಯಿಗೆ ಅರಿಶಿನ ಹಚ್ಚಿದೆವು.

ಸಹಿ ಹಾಕುವ ಮೊದಲು ಕಮಿಟಿಗೆ ಹೇಳುವುದು ನ್ಯಾಯ. ಬುಧವಾರ ರಾಮನಗರಕ್ಕೆ ಹೋದೆ. ಭಾಯಿಯ ರೀಲಿಂಗ್ ಶೆಡ್ಡಿನಲ್ಲಿ ಬಿಸಿನೀರಿನ ಬಾಣಲೆಗಳಲ್ಲಿ ಗೂಡು ಕುಣಿಯುತ್ತಿದ್ದವು. ಕೋಚ್ ಕೂಡ ಬಂದಿದ್ದ. ಹೇಳಿದೆ, ಒಂದೂ ಬಿಡದೆ.

ಕೋಚ್ ತಲೆ ಹಿಡಿದುಕೊಂಡ. "ಅಕ್ಕಾ, ಕೈ ಮುಗೀತೀನಿ. ಯಾರ್ಗೂ ಗೊತ್ತಿಲ್ಲ. ಸರ್ವೆಯವ್ರೇ ಒಪ್ಪವ್ರೆ. ಗೆದ್ದಿರೋ ಮ್ಯಾಚ್‌ನಾಗೆ ಸೆಲ್ಫ್ ಗೋಲ್ ಹೊಡೀತೀನಿ ಅಂತೀರಲ್ಲಾ! ಸುಮ್ಕೆ ಸೈನ್ ಮಾಡ್ಬುಡಿ."

"ಅವತ್ತು ಗೌಡರನ್ನ ಟಿಕೀಟ್ ಕೇಳಿದೆಯಲ್ಲಪ್ಪಾ, ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು" ಎಂದೆ.

ಭಾಯಿ ಬಾಣಲೆಯ ಕೆಳಗಿನ ಉರಿ ತಗ್ಗಿಸಿದರು. ಅವರ ತಂದೆ ಓಡಾಡಿ ಮಾಡಿಸಿದ ಜಾಗ, ಅವರಿಗೆ ಸಂಕಟವಾಗದೆ ಇರುತ್ತದೆಯೇ. "ಭಾಬಿ, ಪಂದ್ಯದ ದಿನ ನಾವು ಸಂಜೆಯ ಅಸರ್ ನಮಾಜು ಅಲ್ಲೇ ಆ ಮೂಲೇಲೇ ಮಾಡೋದು. ಇನ್ನೊಬ್ಬರ ಜಮೀನು ಅಂತ ಗೊತ್ತಾದ ಮೇಲೆ ಅಲ್ಲಿ ಹಣೆ ಇಡೋಕೆ ಆಗಲ್ಲ" ಎಂದರು. ಆಮೇಲೆ ಕೋಚ್ ಕಡೆ ತಿರುಗಿ, "ಆಟ ನೀನ್ ಕಲಿಸು, ಇದು ನಂಗೆ ಬಿಡು" ಎಂದರು. ಬಸ್ಸಿನಲ್ಲಿ ಮರಳುವಾಗ ಎರಡು ಗೆಣ್ಣು ಎಣಿಸಿದೆ. ಒಂದು ಭಾಯಿ. ಇನ್ನೊಂದು, ಅಳು ಬಂದಾಗ ಪಕ್ಕದ ಸೀಟು ಖಾಲಿ ಇದ್ದದ್ದು.

ಗುರುವಾರ ಸರ್ವೆಯರ್ ನಕ್ಷೆ ಬಿಚ್ಚಿ, ಸಹಿಗೆ ಪೆನ್ನು ಕೊಟ್ಟಳು. ನಾನು ಪೆನ್ನಿನ ಕ್ಯಾಪು ತೆಗೆಯಲಿಲ್ಲ.

"ಈ ಕಲ್ಲು ಜಾಗ ಬದಲಿಸಿದೆ. ಪೂಜೆ ಮಾಡೋ ಕಲ್ಲನ್ನ ಯಾರೂ ಮುಟ್ಟಲ್ಲ ಅಂದಿರಿ. ಪೂಜೆ ಮಾಡಿದ್ದಕ್ಕೇ ನಾವು ಮುಟ್ಟಿದ್ದು" ಎಂದೆ. 

ಹಿಂದಿನಿಂದ ಕೋಲಿನ ಸದ್ದಾಯಿತು. ಅತ್ತೆ. ಬರುತ್ತೇನೆ ಎಂದು ಅವರು ನನಗೆ ಹೇಳಿರಲಿಲ್ಲ. ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರೆ ಕೂರಲಿಲ್ಲ.

"ಬರ್ಕಳವ್ವ. ತಾಯಿ ನಡ್ಕಂಡ್ ಬರ್ನಿಲ್ಲ. ನಾವ್ ನಾಕ್ ಜನ ಹೊತ್ಕಂಡ್ ಬಂದೋ. ಯೇಳ್ದೋಳು ನಾನು. ಇವಳ್ದೇನೂ ತಪ್ಪಿಲ್ಲ, ಆಗಿನ್ನೂ ಹೊಸ ಮದ್ಲಗಿತ್ತಿ, ನಾ ಹಿಡಿ ಅಂದ್ರೆ ಹಿಡಿದ್ಲು."

 ಕುರಿ ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಮಿಕ್ಕೋರಿಬ್ರು ಯಾರು?"

"ಒಬ್ಳು ಸತ್ತೋದ್ಲು" ಎಂದರು ಹೆಂಡತಿ. "ಇನ್ನೊಬ್ಳು ನಾನು."

"ಥೂ ನಿನ್ನ! ಇಷ್ಟ್ ವರ್ಸ ನನ್ ಕೈಲಿ ತೆಂಗಿನ್‌ಕಾಯಿ ಒಡೆಸ್ದಲ್ಲೇ! ನನ್ ಹೊಲ್ದಾಗೆ ನನ್ ಮ್ಯಾಲೇ ಸಾಕ್ಷಿ ನಿಲ್ಸಿ, ಅದ್ಕೆ ನನ್ ಕೈಲೇ ಪೂಜೆ!"

"ಕಾಯಿ ಚಟ್ನಿ ಮಾಡಿ ನಿಮ್ಗೇ ಬಡಿಸಿದ್ನಲ್ಲ, ಯಾರ್ ಮನೇಗ್ ಹೋಯ್ತು?"

ಮೊದಲು ನಕ್ಕದ್ದು ಕುರಿ ಯಜಮಾನರೇ. ಆಮೇಲೆ ಮಿಕ್ಕವರು. ಈ ಸಲದ ನಗುವಿನಲ್ಲಿ ಯಾರೂ ಹೊರಗೆ ನಿಂತಿರಲಿಲ್ಲ. ಊರಿನವರು ಅತ್ತೆಯ ಮುಖಕ್ಕೆ ಉಗಿಯಲೂ ಇಲ್ಲ. "ನಾಲ್ವರು ಹೆಂಗಸರು ಈ ಕಲ್ಲನ್ನು ಹೊತ್ತರಾ!" ಎಂದು ಬಾಯಿ ತೆರೆದು ಅವರ ತೋಳು ನೋಡಿದರು, ಅಷ್ಟೇ.

ಆದರೆ ಸರ್ವೆಯರ್‌ಗೆ ಮಾತು ಸಾಲದು, ಗುರುತು ಬೇಕು. "ಅಜ್ಜಿ, ಎಲ್ಲಿತ್ತು ತೋರಿಸ್ತೀರಾ?" ಎಂದಳು. ಏರಿಯ ಕಲ್ಲಿನಿಂದ ತನ್ನ ಲೆಕ್ಕ ಎಲ್ಲಿ ಬೀಳುತ್ತದೆ ಎಂದು ಅವಳು ಬೇಕೆಂದೇ ಹೇಳಲಿಲ್ಲ. ಅತ್ತೆ ಮೈದಾನದ ಪೂರ್ವದ ಬದಿಯಲ್ಲಿ ನಿಂತು ಬಂಡೆಯ ಸೀಳನ್ನು ನೋಡಿದರು, ತಿರುಗಿ ಕೆರೆಯ ತೂಬನ್ನು ನೋಡಿದರು, ನಾಲ್ಕು ಹೆಜ್ಜೆ ಹಿಂದೆ ಬಂದರು. "ಇಲ್ಲಿ ದೀಪ ಹಚ್ಚಿ ಕೂತ್ರೆ ಸೀಳಿನ ನಡುವ್ಕೆ ಹೊತ್ತು ಮುಳುಗ್ತಿತ್ತು" ಎಂದು ಕೋಲು ಊರಿದರು. ಸರ್ವೆಯರ್ ತನ್ನ ಗುಂಡುತಲೆಯ ಕೋಲು ಹಿಡಿದು ಓಡಾಡಿ, ಕೊನೆಗೆ ಒಂದು ಕಡೆ ಸುಣ್ಣದ ಗುರುತು ಹಾಕಿದಳು. ಅತ್ತೆಯ ಕೋಲಿಗೂ ಆ ಗುರುತಿಗೂ ನಡುವೆ ಒಂದು ಮೊಳವಿತ್ತು.

"ಅಗೆದು ನೋಡೋಣ" ಎಂದಳು. "ನನಗೆ ಕೆಲಸ ಕಲಿಸಿದ ಹಿರಿಯರು ಹೇಳ್ತಿದ್ರು, ಕೆಲವು ಕಡೆ ಹಿಂದಿನವರು ಗಡಿಕಲ್ಲಿನ ಕೆಳಗೆ ಇದ್ದಿಲು ಹಾಕಿರ್ತಾರೆ ಅಂತ. ಇದ್ದಿಲು ಕೊಳೆಯಲ್ಲ, ಹುಳ ತಿನ್ನಲ್ಲ. ಕಲ್ಲು ಹೋದರೂ ಜಾಗ ಉಳೀಲಿ ಅಂತ. ನಾನು ಇದುವರೆಗೂ ನೋಡಿಲ್ಲ."

ಹಾರೆ ಹಿಡಿದವನು ಕೋಚ್. ಮೊಳ ಆಳಕ್ಕೆ ಹೋದರೂ ಕೆಮ್ಮಣ್ಣೇ. ಇನ್ನೊಂದು ಗೇಣು. ಅವನು ನಿಂತ. ಬಾಗಿ, ಮಣ್ಣನ್ನು ಕೈಯಲ್ಲಿ ಬಗೆದು, ಅಂಗೈ ಮೇಲೆತ್ತಿ ತೋರಿಸಿದ. ಕೆಂಪು ಮಣ್ಣಿನ ನಡುವೆ ಕಪ್ಪು ಇದ್ದಿಲಿನ ಚೂರುಗಳು. ಸರ್ವೆಯರ್ ಮಗುವಿನಂತೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ನಾನೂ ಕೂತೆ. ಒಂದು ಚೂರನ್ನು ಬೆರಳಿನಲ್ಲಿ ಉಜ್ಜಿದರೆ ನಮ್ಮ ಒಲೆಯ ಇದ್ದಿಲಿನಂತೆಯೇ ಮಸಿ ಅಂಟಿತು. ಯಾರ ಮನೆಯ ಒಲೆಯದೋ, ಯಾವ ತಾಯಿ ಆರಿಸಿಟ್ಟದ್ದೋ, ಮಣ್ಣಿನೊಳಗೆ ಸುಮ್ಮನೆ ಕಾದಿತ್ತು.

ಕೋಚ್ ಅಂಗೈ ಒರೆಸಿಕೊಂಡು ಕುರಿ ಯಜಮಾನರ ಮುಂದೆ ಹೋಗಿ ನಿಂತ. "ತಪ್ಪಾಯ್ತು ಗೌಡ್ರೇ. ಟಿಕೀಟ್ ಕೇಳ್ಬಾರ್ದಿತ್ತು" ಎಂದ.

"ಕೇಳ್ಲಾ, ಅದ್ಕೇನು. ಈಗ ರಿಟರ್ನ್ ಟಿಕೀಟ್ ನೀನೇ ಕೊಡ್ಸು" ಎಂದರು ಅವರು.

ಹೊಸ ನಕ್ಷೆಗೆ ಇನ್ನೊಂದು ವಾರ ಹಿಡಿಯಿತು. ಕುರಿ ಯಜಮಾನರು ತಕರಾರು ಹಿಂತೆಗೆದುಕೊಂಡು ಮಹಜರಿಗೆ ಹೆಬ್ಬೆಟ್ಟು ಒತ್ತಿದರು. ನಾನು ಸಹಿ ಮಾಡಿದೆ.  ಪೂರ್ವದಲ್ಲಿ ಹದಿಮೂರು ಗುಂಟೆ ಅವರಿಗೆ ಮರಳಿತು. ಯುಗಾದಿಗೆ ಇನ್ನೂ ಎಂಟು ದಿನವಿತ್ತು.

ತಕರಾರು ಹೋಯಿತು, ಜೊತೆಗೆ ಕೋಣೆಯ ಜಾಗವೂ ಹೋಯಿತು. ಕಮಿಟಿ ಕೂತಾಗ ಎದುರಿಗಿದ್ದ ನಕ್ಷೆಯಲ್ಲಿ ಆಟದ ಅಂಕಣ ಹಿಡಿಯುತ್ತಿತ್ತು, ಪಶ್ಚಿಮಕ್ಕೆ ಚಾವಣಿ ಹಾಕಿದ ಗ್ಯಾಲರಿ ಹಿಡಿಯುತ್ತಿತ್ತು, ಹೆಣ್ಣುಮಕ್ಕಳ ಕೋಣೆ ಹಿಡಿಯುತ್ತಿರಲಿಲ್ಲ. "ಮುಂದೆ ನೋಡ್ಕೊಳ್ಳಾನ ಅಕ್ಕ, ಈಗ ಮೇನ್ ಮೇನ್ ಇದ್ದದ್ದು ಮಾಡ್ಬುಡಾನ" ಎಂದರು ಒಬ್ಬರು. ಕಾರ್ಯದರ್ಶಿಯ ಕುರ್ಚಿಯಲ್ಲಿ ಅದುವರೆಗೆ ನಾನು ತುದಿಯಲ್ಲಿ ಕೂರುತ್ತಿದ್ದೆ. ಅವತ್ತು ಬೆನ್ನು ಒರಗಿಸಿ ಕೂತೆ.

"ನೋಡೋರು ನಿಂತ್ಕೊಂಡೂ ನೋಡಬಹುದು. ಬಟ್ಟೆ ಬದಲಿಸೋರು ನಿಂತ ಕಡೆಯೇ ಬದಲಿಸೋಕೆ ಆಗುತ್ತಾ? ಗ್ಯಾಲರಿಯ ದಕ್ಷಿಣದ ತುದಿ ಕತ್ತರಿಸಿ. ಅಲ್ಲಿ ಕೋಣೆ ಬರಲಿ" ಎಂದೆ.

ಅದು ಗಣ್ಯರು ಕೂರುವ ತುದಿ ಎಂದು ಯಾರೋ ಗೊಣಗಿದರು. ಕೋಚ್ ಪೆನ್ಸಿಲ್ ತೆಗೆದು ತಾನೇ ಗೆರೆ ಎಳೆದ. "ಗಣ್ಯರಿಗೆ ನಮ್ಮ ಲೇತಿನಾಗೆ ಒಂದೊಂದು ಮಣೆ ಕಡ್ದು ಕೊಡ್ತೀನಿ, ಬುಡಿ" ಎಂದ.

ಹೊಲದಮ್ಮನನ್ನು ಸರ್ವೆಯರ್ ಎದುರಿಗೇ ಹಳೆಯ ಗುಂಡಿಗೆ ಇಳಿಸಿದೆವು, ಇದ್ದಿಲಿನ ಮೇಲೆಯೇ. ಈ ಸಲ ಹೊತ್ತವರು ಗಂಡಸರು. ಇಬ್ಬರು ಸಾಲದೆ ಆರು ಜನ ಸೇರಿ, ನಡುವೆ ಐದು ಕಡೆ ಇಳಿಸಿದರು. ಅತ್ತೆ ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದರು. ಈಗ ತಾಯಿ ಇರುವುದು ಅಂಕಣದ ಮೂಲೆಯ ಬಾವುಟದಿಂದ ನಾಲ್ಕು ಹೆಜ್ಜೆಯಲ್ಲಿ. ಆ ಕಡೆಯಿಂದ ಕುರಿ ಯಜಮಾನರ ಹೆಂಡತಿ, ಈ ಕಡೆಯಿಂದ ನಾನು ಅರಿಶಿನ ಹಚ್ಚುತ್ತೇವೆ. ಬಿಸಿಲಿಗೆ ಕುಂಕುಮ ಕಪ್ಪಾಗುತ್ತದೆ, ಆಗಲಿ. ಚೆಂಡು ಬಂದು ಬಡಿದರೆ ಮಕ್ಕಳು ಓಡಿ ಬಂದು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಅವಳು ಇದುವರೆಗೂ ಮುನಿದಿಲ್ಲ.

ನಮ್ಮ ಯಜಮಾನರ ಮಂಡಿ ಸರಿಹೋಗಿದೆ, ಮೆಟ್ಟಿಲು ಹತ್ತುತ್ತಾರೆ. ಫೈಲು ಮಾತ್ರ ಇನ್ನೂ ನನ್ನ ಬಳಿಯೇ ಇದೆ, ಯಾರೂ ಕೇಳಿಲ್ಲ, ನಾನೂ ಕೊಟ್ಟಿಲ್ಲ.

ಗ್ಯಾಲರಿಗೆ ಚಾವಣಿ ಬೀಳುವ ಮೊದಲೇ ಕೋಣೆಗೆ ಬಾಗಿಲು ಕೂತಿತು. ಮೊದಲ ಪಂದ್ಯಕ್ಕೆ ವಿರೂಪಾಕ್ಷಿಪುರದ ಆ ಹೆಣ್ಣುಮಕ್ಕಳನ್ನೇ ಕರೆಸಿದೆವು. ರೂಢಿಯಿಂದ ನಾನು ಎರಡು ಹಳೆಯ ಸೀರೆ ಮಡಿಸಿ ತಂದಿದ್ದೆ. ಮಕ್ಕಳು ನ್ಯಾಪ್‌ಸ್ಯಾಕ್ ಹೊತ್ತು ನನ್ನ ಮುಂದೆಯೇ ಹಾದು ಒಳಗೆ ಹೋದರು. ಕಳೆದ ಸಲ ಕುಸಿದು ಬಿದ್ದಿದ್ದವಳು ಕೊನೆಯವಳು. ಹೊಸ್ತಿಲಲ್ಲಿ ನಿಂತು, ಕೈಯಲ್ಲಿದ್ದ ಬಾಟಲಿಯ ನೀರನ್ನು ಗಟಗಟ ಕುಡಿದು, ಒಳಗೆ ಹೋದಳು. ಸೀರೆಗಳನ್ನು ಎದೆಗೆ ಒತ್ತಿಕೊಂಡು ನಾನು ಹೊರಗೆ ನಿಂತಿದ್ದೆ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.